ಮೈಗ್ರೇನ್ ಜೊತೆ ವಾಂತಿಯೂ ಇದ್ದರೆ ಆರೈಕೆ ಹೇಗೆ?

ರಾತ್ರಿಪಾಳಿ: ತೀವ್ರ ಮೈಗ್ರೇನ್ ಅಂತ ದಾಖಲಾದವರಿಗೆ ಕೊಟ್ಟ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಏನು ಮಾಡಬೇಕು? ದೀಪ ಆರಿಸಿ ಮಲಗಿಸುವುದು ಗೊತ್ತು. ಆಮೇಲೆ ಏನೇನು ಗಮನಿಸಬೇಕು? ಅನುಭವ ಇರುವವರು ದಯವಿಟ್ಟು ತಿಳಿಸಿ.

ಹಿರಿಯ ಸಿಸ್ಟರ್: ದೀಪ ಆರಿಸುವ ಮೊದಲೇ ಒಮ್ಮೆ ಸರಿಯಾಗಿ ನೋಡಿಬಿಡಿ. ಬಿಪಿ, ನಾಡಿ, ಜ್ವರ, ಕಣ್ಣಿನ ಪಾಪೆ. ಎರಡೂ ಕೈಯಿಂದ ನಿಮ್ಮ ಬೆರಳು ಬಿಗಿಯಾಗಿ ಹಿಡಿಯಲು ಹೇಳಿ, ಒಂದು ವಾಕ್ಯ ಮಾತಾಡಿಸಿ. ಕತ್ತಲಲ್ಲಿ ಮುಸುಕು ಹಾಕಿಕೊಂಡು ಮಲಗಿದವರ ಮುಖ ಸೊಟ್ಟಗಾದರೂ ಯಾರಿಗೂ ಕಾಣುವುದಿಲ್ಲ. ನೋವು ಸಿಡಿಲು ಬಡಿದಂತೆ ಒಮ್ಮೆಲೇ ಏರಿತೇ, ಜ್ವರದ ಜೊತೆ ಕತ್ತು ಬಿಗಿದಿದೆಯೇ, 50 ದಾಟಿದ ಮೇಲೆ ಮೊದಲ ಸಲ ಬಂದದ್ದೇ, ಕೇಳಿ. ಇವುಗಳಲ್ಲಿ ಒಂದಿದ್ದರೂ ತಕ್ಷಣ ಡಾಕ್ಟರಿಗೆ ತಿಳಿಸಿ. ಕಣ್ಣೆದುರು ಮಿಂಚು, ಜೋಮು ಮುಂತಾದ ಔರಾ (ತಲೆನೋವಿಗೆ ಮುನ್ನವೋ ಜೊತೆಗೋ ಬರುವ) ಲಕ್ಷಣ ಒಂದೊಂದೂ ಸಾಮಾನ್ಯವಾಗಿ 5ರಿಂದ 60 ನಿಮಿಷ ಇರುತ್ತದೆ. ಅದಕ್ಕಿಂತ ಹೆಚ್ಚು ಎಳೆದರೆ ಮೈಗ್ರೇನೇ ಇರಬೇಕು ಅಂದುಕೊಂಡು ಸುಮ್ಮನಿರಬೇಡಿ.

ಔಷಧಿ ಟ್ರೇ: ಮಾತ್ರೆಯ ವಿಷಯ. ಮೈಗ್ರೇನ್ ಬಂದಾಗ ಜಠರದ ಚಲನೆಯೇ ನಿಧಾನವಾಗುತ್ತದೆ, ಹಾಗಾಗಿ ವಾಂತಿ ಆಗದಿದ್ದರೂ ಮಾತ್ರೆ ರಕ್ತಕ್ಕೆ ಸೇರುವುದು ತಡ. ಅದನ್ನೇ ಮತ್ತೆ ಮತ್ತೆ ನುಂಗಿಸುವ ಬದಲು ಇಂಜೆಕ್ಷನ್‌ಗೆ ಆರ್ಡರ್ ಕೇಳಿ. ವಾಂತಿ ತಡೆಯುವ ಮೆಟೊಕ್ಲೋಪ್ರಮೈಡ್ 10 ಮಿ.ಗ್ರಾಂ ಬರೆದಿದ್ದರೆ ಡ್ರಿಪ್‌ನಲ್ಲಿ ಸುಮಾರು 15 ನಿಮಿಷ ತೆಗೆದುಕೊಂಡು ಕೊಡಿ. ಸರ್ರನೆ ತಳ್ಳಿದರೆ ರೋಗಿ ಕೂತಲ್ಲಿ ಕೂರಲಾರದೆ ಚಡಪಡಿಸುತ್ತಾರೆ, ಅದು ನೋವಿನ ಒದ್ದಾಟ ಅನಿಸಿಬಿಡುತ್ತದೆ.

ಸುಮಾಟ್ರಿಪ್ಟಾನ್ (ಟ್ರಿಪ್ಟಾನ್ ಗುಂಪಿನ ಮೈಗ್ರೇನ್ ಔಷಧಿ) ಚರ್ಮದಡಿ 6 ಮಿ.ಗ್ರಾಂ. ಕೊಡುವ ಮುನ್ನ ಹೃದ್ರೋಗ, ಪಾರ್ಶ್ವವಾಯು, ಹತೋಟಿಗೆ ಬಾರದ ಬಿಪಿ ಇದೆಯೇ, ಕಳೆದ 24 ಗಂಟೆಯಲ್ಲಿ ಎರ್ಗೋಟಮೈನ್ (ಮೈಗ್ರೇನ್‌ನ ಹಳೆಯ ಔಷಧಿ) ತಗೊಂಡಿದ್ದಾರೆಯೇ ಕೇಳಲೇಬೇಕು. ಎದೆ, ಗಂಟಲು ಸ್ವಲ್ಪ ಹೊತ್ತು ಬಿಗಿದಂತಾಗುವುದು ಉಂಟು, ಆದರೂ ಡಾಕ್ಟರಿಗೆ ಹೇಳದೆ ಬಿಡಬೇಡಿ.

ಹಿರಿಯ ಸಿಸ್ಟರ್: ಹೌದು, ಇನ್ನೊಂದು ಮಾತು. ಔಷಧಿ ಕೊಟ್ಟ ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆಗೆ ನೋವನ್ನು 0–10ರ ಅಳತೆಯಲ್ಲಿ ಕೇಳಿ ಬರೆಯಿರಿ. ವಾಂತಿ ಎಷ್ಟು ಸಲ, ಮೂತ್ರ ಎಷ್ಟು, ಅದೂ ಇರಲಿ. ಬಟ್ಟೆ ಸುತ್ತಿದ ಐಸ್ ಪ್ಯಾಕ್ ಹಣೆಗೋ ಕತ್ತಿನ ಹಿಂಭಾಗಕ್ಕೋ 15–20 ನಿಮಿಷ ಸಾಕು. ಮಾನಿಟರ್ ಅಲಾರಂ ಸದ್ದು ಇಳಿಸಿ, ಆಫ್ ಮಾಡಬೇಡಿ. ಸೆಂಟ್ ಹಾಕಿಕೊಂಡು ಹತ್ತಿರ ಹೋಗಬೇಡಿ, ವಾಂತಿ ಟ್ರೇ ತಕ್ಷಣ ಬದಲಿಸಿ. ವಾಸನೆಯೊಂದೇ ಸಾಕು, ವಾಕರಿಕೆ ಮತ್ತೆ ಶುರುವಾಗಲು.

ರಾತ್ರಿಪಾಳಿ: ತುಂಬಾ ಉಪಯೋಗವಾಯಿತು. ಮನೆಯಲ್ಲಿ ದಿನಾ ನೋವಿನ ಮಾತ್ರೆ ನುಂಗುವವರಿಗೆ ಡಿಸ್ಚಾರ್ಜ್ ವೇಳೆ ಏನು ಹೇಳಲಿ?

ಔಷಧಿ ಟ್ರೇ: ಪ್ಯಾರಾಸಿಟಮಾಲ್, ಐಬುಪ್ರೊಫೇನ್‌ನಂಥವು ತಿಂಗಳಿಗೆ 15 ದಿನ, ಟ್ರಿಪ್ಟಾನ್ 10 ದಿನ ಮುಟ್ಟಿ, ಮೂರು ತಿಂಗಳು ದಾಟಿದರೆ ಮಾತ್ರೆಯಿಂದಲೇ ತಲೆನೋವು ಅಂಟಿಕೊಳ್ಳಬಹುದು. ನೋವು ಬಂದ ದಿನ, ನುಂಗಿದ ಮಾತ್ರೆ, ನಿದ್ದೆ, ತಪ್ಪಿದ ಊಟ, ಮುಟ್ಟಿನ ದಿನ ಎಲ್ಲವನ್ನೂ ಡೈರಿಯಲ್ಲಿ ಬರೆದು ಮುಂದಿನ ಭೇಟಿಗೆ ತರಲಿ. ತಡೆಗಟ್ಟುವ ಔಷಧಿ ಬೇಕೇ ಅಂತ ಡಾಕ್ಟರು ನಿರ್ಧರಿಸುವುದು ಅದನ್ನು ನೋಡಿಯೇ.