ಲೋ-ಫೈಗೆ ‘ಕೆಳದರ್ಜೆ’ ಬೇಡ

‘ಲೋ-ಫೈ ಸೈಕೆಡೆಲಿಕ್ ರಾಕ್ ಆಲ್ಬಮ್’ ಅನ್ನುವುದನ್ನು ಕನ್ನಡದಲ್ಲಿ ಹೇಗೆ ಬರೆಯುವುದು ಅಂತ ಕೇಳಿದ್ದೀರಿ. ಲೋ-ಫೈ ಅಂದರೆ ಸದ್ದುಗದ್ದಲ, ಒರಟುತನ ಹಾಗೇ ಉಳಿದ ಧ್ವನಿಮುದ್ರಣ. ನಾಳೆ ಪುಟ ಅಚ್ಚಿಗೆ ಹೋಗಬೇಕು ಅಂದಿದ್ದೀರಿ. ಹಾಗಾಗಿ ಪದ ಮೊದಲು: ‘ತರಿ ದನಿ’. ‘ತರಿ ದನಿಯ ಸೈಕೆಡೆಲಿಕ್ ರಾಕ್ ಆಲ್ಬಮ್’ ಅಂತ ಬರೆಯಿರಿ. ಬಿಡಿಸಿಯೇ ಬರೆಯಿರಿ, ಕೂಡಿಸಿದರೆ ಕಣ್ಣು ‘ತರಿದನು’ ಅಂತ ಓದಿಬಿಡುತ್ತದೆ.

ಕಾರವಾರದ ಗೆಳೆಯರು ಹೇಳಿದ ‘ಕೆಳದರ್ಜೆ ಧ್ವನಿಮುದ್ರಣ’ ಬೇಡವೇ ಬೇಡ. ಅದು ಬೈಗುಳ. ವಿಮರ್ಶಕರು ಎಷ್ಟೋ ಸಲ ಮೆಚ್ಚಿಕೊಂಡೇ ಲೋ-ಫೈ ಅನ್ನುತ್ತಾರೆ. ರಾಕ್ ಗಾಯಕ ಸ್ಕಿಪ್ ಸ್ಪೆನ್ಸ್ ಅವರ ‘ಓರ್’ ಆಲ್ಬಮ್ 1969ರಲ್ಲಿ ಬಂದಾಗ ಕೊಂಡವರೇ ಕಡಿಮೆ. ಎಲ್ಲ ವಾದ್ಯವನ್ನೂ ಅವರೊಬ್ಬರೇ ನುಡಿಸಿದ್ದು, ಅಲ್ಲಲ್ಲಿ ಹಾಡು ಅರ್ಧಕ್ಕೇ ಬಿಟ್ಟ ಹಾಗಿದೆ. 1999ರಲ್ಲಿ ಬೇರೆ ಕಲಾವಿದರು ಸೇರಿ ಆ ಹಾಡುಗಳನ್ನೇ ಮತ್ತೆ ಹಾಡಿ ಗೌರವ ಸಲ್ಲಿಸಿದರು. ಈಗ ಆ ಒರಟುತನಕ್ಕೇ ಹೊಗಳಿಕೆ. ಅಲ್ಲಿ ‘ಕೆಳದರ್ಜೆ’ ಅಂತ ಹಾಕಿದರೆ ಮಾತೇ ತಿರುಗಿ ಬೀಳುತ್ತದೆ, ಅಲ್ವಾ?

‘ಮಂದಧ್ವನಿ’ ಅಂದರೆ ಮೆಲುದನಿ, ಅದು ಬೇರೆ. ‘ಅಲ್ಪನಿಷ್ಠ’ವಂತೂ ಲೋ-ಫೈಯ ಪೂರ್ಣರೂಪ ‘ಲೋ ಫಿಡೆಲಿಟಿ’ಗೆ ಸುಮ್ನೆ ನಿಘಂಟು ನೋಡಿ ಕಟ್ಟಿದ್ದು. ನಿಷ್ಠೆ ಮನುಷ್ಯರಿಗೆ, ಟೇಪಿಗಲ್ಲ.

ಶಿರಸಿಯ ನಮ್ಮ ಮನೆಯ ಅಟ್ಟದಲ್ಲಿ ಯಕ್ಷಗಾನದ ಕ್ಯಾಸೆಟ್‌ಗಳಿದ್ದವು. ಆಟದ ಟೆಂಟಿನಲ್ಲಿ ಅಪ್ಪಯ್ಯ ಟೇಪ್ ರೆಕಾರ್ಡರ್ ತೊಡೆ ಮೇಲೆ ಇಟ್ಟುಕೊಂಡು ಹಿಡಿದದ್ದು. ಭಾಗವತರ ಪದ್ಯದ ಹಿಂದೆ ಸುಯ್ ಅನ್ನುವ ಸದ್ದು. ಚಂಡೆ ಪೆಟ್ಟು ಜೋರಾದಾಗ ದನಿ ಒಡೆದು ಚರಚರ. ನಡುವೆ ಯಾರದೋ ಕೆಮ್ಮು. ಅದನ್ನು ಕೇಳಿ ಅಮ್ಮ ಅನ್ನುತ್ತಿದ್ದಳು, ‘ತರಿತರಿಯಾಗಿ ಕೇಳ್ತದೆ’ ಅಂತ. ನಾನು ಪದ ಹುಟ್ಟಿಸಿಲ್ಲ, ಅವಳ ಮಾತನ್ನೇ ಎತ್ತಿಕೊಂಡಿದ್ದೇನೆ.

ತರಿ ಅಂದರೆ ಕೀಳು ಅಂತಲೂ ಅಲ್ಲ. ಹಲಸಿನ ಹಣ್ಣಿನ ಕಡುಬಿಗೆ ಅಕ್ಕಿ ತರಿಯೇ ಬೇಕು, ತೊಡೆದೇವಿಗೆ ನುಣ್ಣಗಿನ ಹಿಟ್ಟು. ಯಾವುದಕ್ಕೆ ಯಾವುದು ಅಂತ ಗೊತ್ತಿದ್ದೇ ರುಬ್ಬುತ್ತಾರೆ. ಹಳಗನ್ನಡದ ‘ತರಿ’, ಅಂದರೆ ಕಡಿ, ಅದೇ ಇದರ ಬೇರು ಅನ್ನುವುದು ನನ್ನ ಗಟ್ಟಿ ನಂಬಿಕೆ. ಕನ್ನಡಕ್ಕೆ ಸಂಸ್ಕೃತ ಕೂಡಿಸಿದ ಅರಿಸಮಾಸ ಇದು ಅಂತ ಎದ್ದು ನಿಲ್ಲುವವರಿಗೆ ಮೊದಲೇ ಹೇಳುತ್ತೇನೆ: ದನಿ ತದ್ಭವ. ಆ ಜಗಳ ಇಲ್ಲಿಗೆ ಸಾಕು.

ಸೈಕೆಡೆಲಿಕ್ ಹಾಗೇ ಇರಲಿ. ‘ಭ್ರಮಾತ್ಮಕ’ ತಪ್ಪು. ಮನೋವೈದ್ಯ ಹಂಫ್ರಿ ಆಸ್ಮಂಡ್ 1956ರಲ್ಲಿ ಲೇಖಕ ಆಲ್ಡಸ್ ಹಕ್ಸ್‌ಲಿಗೆ ಬರೆದ ಪತ್ರದಲ್ಲಿ ಗ್ರೀಕಿನ ಎರಡು ಮಾತು ಸೇರಿಸಿ ಆ ಪದ ಕಟ್ಟಿದರು, ಮನಸ್ಸು ಮತ್ತು ಕಾಣಿಸು ಅನ್ನುವ ಅರ್ಥದ್ದು. ಅದರಲ್ಲಿ ಭ್ರಮೆ ಎಲ್ಲಿದೆ? ಎರವಲು ಅಂತ ಹೆದರುವವರು ಕಾರವಾರದ ಪೇಟೆಗೆ ಹೋಗಿ ಬಟಾಟೆಗೆ ಅಚ್ಚಗನ್ನಡದ ಹೆಸರು ಹೇಳಿ ಕೊಂಡು ತರಲಿ. ಅದೂ ಪೋರ್ಚುಗೀಸಿನದೇ, ಪಗಾರವೂ ಅಲ್ಲಿಂದಲೇ ಬಂದದ್ದು.

ತಲೆಬರಹದಲ್ಲಿ ಜಾಗ ಕಡಿಮೆ ಇದ್ದರೆ ‘ತರಿ ದನಿ ರಾಕ್’ ಅಂದರೂ ನಡೆಯುತ್ತದೆ. ಒಳಗೆ ಮೊದಲ ಸಲ ಬಂದ ಕಡೆ ಮಾತ್ರ ಪಕ್ಕದಲ್ಲಿ ಲೋ-ಫೈ ಅಂತ ಕೊಡಿ.