ಹಬ್ಬಕ್ಕೆ ಸೇರಿದ ಮನೆಮಂದಿಯೊಂದಿಗೆ ಕನ್ನಡದಲ್ಲಿ ‘ಜಸ್ಟ್ ಒನ್’ ಆಡುವುದು ಹೇಗೆ?

ಕೇಳಿದವರು: ದೀಪಾವಳಿಗೆ ನಮ್ಮ ಮನೆಯಲ್ಲಿ 9 ಜನ ಸೇರುತ್ತೇವೆ, 8 ವರ್ಷದ ಮಗಳಿಂದ ಹಿಡಿದು 74ರ ಅಜ್ಜಿಯವರೆಗೆ. ಪದ ಊಹಿಸುವ ಆಟ ‘ಜಸ್ಟ್ ಒನ್’ನ ಪೆಟ್ಟಿಗೆ ತಂದಿಟ್ಟಿದ್ದೇನೆ, ಆದರೆ ಕಾರ್ಡಿನ ಪದಗಳೆಲ್ಲ ಇಂಗ್ಲಿಷ್. ಅಜ್ಜಿ ಕನ್ನಡ ಮಾತ್ರ ಓದುತ್ತಾರೆ. ಮೇಲಾಗಿ ಪೆಟ್ಟಿಗೆಯಲ್ಲಿ ಸುಳಿವು ಬರೆಯುವ ಹಲಗೆ 7 ಜನಕ್ಕಷ್ಟೇ ಇದೆ. ಕನ್ನಡದಲ್ಲಿ ಆಡಿ ಅಭ್ಯಾಸ ಇರುವವರು ಕಾರ್ಡು, ಪದ, ನಿಯಮ ಹೇಗೆ ಹೊಂದಿಸಿಕೊಳ್ಳುತ್ತೀರಿ? ಎರಡು ಸುಳಿವು ‘ಒಂದೇ’ ಎಂದು ಯಾವಾಗ ಲೆಕ್ಕ?

ಮೈಸೂರಿನಿಂದ: ಆಟ ಗೊತ್ತಿಲ್ಲದವರೂ ಓದುತ್ತಿರಬಹುದು, ಹಾಗಾಗಿ ಮೊದಲು ಅದರ ನಡೆ. ಲುಡೋವಿಕ್ ರೂಡಿ ಮತ್ತು ಬ್ರೂನೊ ಸಾಟರ್ ಕಟ್ಟಿದ ಆಟ ಇದು, 2018ರದು. ಮರುವರ್ಷ ಜರ್ಮನಿಯ ‘ಷ್ಪೀಲ್ ಡೆಸ್ ಯಾರೆಸ್’ ಪ್ರಶಸ್ತಿ ಪಡೆಯಿತು. ಇಲ್ಲಿ ಎದುರಾಳಿ ಪಕ್ಷವೇ ಇಲ್ಲ, ಎಲ್ಲರ ಅಂಕವೂ ಒಂದೇ. ಒಂದು ಆಟಕ್ಕೆ 13 ಕಾರ್ಡು, ಒಂದೊಂದರಲ್ಲಿ 5 ಪದ. ಊಹಿಸುವವರು ಕಾರ್ಡನ್ನು ತಾವು ನೋಡದೆ ಉಳಿದವರಿಗೆ ಕಾಣುವಂತೆ ನಿಲ್ಲಿಸಿ 1ರಿಂದ 5ರೊಳಗೆ ಒಂದು ಸಂಖ್ಯೆ ಹೇಳುತ್ತಾರೆ. ಆ ಸಂಖ್ಯೆಯ ಪದಕ್ಕೆ ಉಳಿದವರೆಲ್ಲ ಗುಟ್ಟಾಗಿ ಒಂದೊಂದೇ ಪದದ ಸುಳಿವು ಬರೆಯುತ್ತಾರೆ. ಆಮೇಲೆ ಊಹಿಸುವವರು ಕಣ್ಣು ಮುಚ್ಚಬೇಕು. ಉಳಿದವರು ಹಲಗೆಗಳನ್ನು ಹೋಲಿಸಿ, ಇಬ್ಬರು ಒಂದೇ ಪದ ಬರೆದಿದ್ದರೆ ಎರಡನ್ನೂ ಮಗುಚಿಡುತ್ತಾರೆ. ಉಳಿದ ಸುಳಿವು ನೋಡಿ ಒಂದೇ ಒಂದು ಊಹೆ.

ಕೆಡುವುದು ಹೆಚ್ಚಾಗಿ ಹೋಲಿಸುವ ಹೊತ್ತಿನಲ್ಲೇ. ‘ಅಯ್ಯೋ, ನೀನೂ ಆನೆ ಬರೆದ್ಯಾ!’ ಎಂದು ಒಬ್ಬರು ಬಾಯಿಬಿಟ್ಟರೆ ಆ ಕಾರ್ಡು ಮುಗಿಯಿತು. ಹೋಲಿಸುವಾಗ ಮಾತಿಲ್ಲ, ಬೆರಳು ತೋರಿಸುವುದಷ್ಟೇ ಎಂದು ಮೊದಲೇ ಹೇಳಿಡಿ. ಊಹಿಸುವವರು ‘ಹಣ್ಣಾ? ಊರಾ?’ ಎಂದು ಗಟ್ಟಿಯಾಗಿ ಯೋಚಿಸುತ್ತ ಎಲ್ಲರ ಮುಖ ನೋಡುವುದು ಇನ್ನೊಂದು ಚಾಳಿ. ಅವರ ಕಣ್ಣು ಹಲಗೆಯ ಮೇಲಿರಲಿ. ಮಗುಚಿಟ್ಟದ್ದನ್ನು ಊಹೆ ಆದಮೇಲೆ ತಪ್ಪದೆ ತೋರಿಸಿ. ನಗು ಬರುವುದೇ ಅಲ್ಲಿ.

9 ಜನಕ್ಕೆ ಲೆಕ್ಕ ಸುಲಭ: ಎರಡು ಜೋಡಿ, ಐದು ಒಂಟಿ, ಒಟ್ಟು ಏಳು. ಜೋಡಿಗೆ ಒಂದೇ ಹಲಗೆ, ಊಹಿಸುವಾಗಲೂ ಜೋಡಿಯಾಗಿಯೇ. ಅಜ್ಜಿ–ಮೊಮ್ಮಗಳು ಒಂದು ಜೋಡಿ ಆಗಲಿ. ಒಬ್ಬರಿಗೆ ಪದ ಹೊಳೆಯುತ್ತದೆ, ಇನ್ನೊಬ್ಬರ ಕೈ ಓಡುತ್ತದೆ. 13 ಕಾರ್ಡಿನಲ್ಲಿ ಒಬ್ಬರಿಗೆ ಒಂದು, ಉಳಿದವರಿಗೆಲ್ಲ ಎರಡು ಸರದಿ ಬರುತ್ತದೆ. ಪೆಟ್ಟಿಗೆ 20 ನಿಮಿಷ ಎನ್ನುತ್ತದೆ. ಹಬ್ಬದ ಮನೆಯಲ್ಲಿ ಅದರ ಎರಡರಷ್ಟು ಇಟ್ಟುಕೊಳ್ಳಿ.

ಶಿವಮೊಗ್ಗದಿಂದ: ಕಾರ್ಡು ಮನೆಯಲ್ಲೇ ಮಾಡಿ. ಎ4 ಹಾಳೆಯನ್ನು ಮೂರು ಸಲ ಮಡಚಿ ಕತ್ತರಿಸಿದರೆ 8 ತುಂಡು. ಎರಡು ಹಾಳೆಗೆ 16 ಕಾರ್ಡು, ಒಂದು ಆಟಕ್ಕೆ ಸಾಕಾಗಿ 3 ಮಿಗುತ್ತವೆ. ಆದರೆ ಸಾದಾ ಹಾಳೆ ತೆಳು. ಹಿಂದಿನಿಂದ ಬೆಳಕು ಬಿದ್ದರೆ ಊಹಿಸುವವರಿಗೆ ಅಕ್ಷರ ತಿರುಗುಮುರುಗಾಗಿ ಕಾಣುತ್ತದೆ, ಮಕ್ಕಳು ಅದನ್ನು ಬೇಗ ಪತ್ತೆ ಮಾಡುತ್ತಾರೆ. ಹಳೆಯ ಲಗ್ನಪತ್ರಿಕೆಯ ಖಾಲಿ ಬದಿ ಇದಕ್ಕೆ ಹೇಳಿ ಮಾಡಿಸಿದ್ದು.

ಪದ ಆರಿಸುವಾಗ ಒಂದೇ ಪರೀಕ್ಷೆ: ಅದಕ್ಕೆ ನಾಲ್ಕು ಬೇರೆ ಬೇರೆ ದಿಕ್ಕಿನಿಂದ ದಾರಿ ಇದೆಯೇ? ‘ಕಿತ್ತಳೆ’ಗೆ ಇದೆ: ಕೊಡಗು, ನಾಗಪುರ, ತೊಳೆ, ಸಿಪ್ಪೆ, ಬಣ್ಣ. ‘ಸೌಟು’ ತೆಗೆದುಕೊಳ್ಳಿ, ಅರ್ಧ ಮನೆ ‘ಸಾರು’ ಎಂದು ಬರೆದು ಎಲ್ಲ ಮಗುಚಿಕೊಳ್ಳುತ್ತದೆ. ಎರಡು ಅರ್ಥದ ಪದಗಳು ಚಿನ್ನ. ‘ಹತ್ತು’ ಪದಕ್ಕೆ ‘ಒಂಬತ್ತು’, ‘ಮರ’, ‘ಏಣಿ’, ‘ರಾವಣ’ ಬಂದರೆ ಊಹಿಸುವವರು ಒಂದು ಕ್ಷಣ ಕಂಗಾಲು, ಮರುಕ್ಷಣ ಉತ್ತರ. ಮುತ್ತು, ಆಡು, ಅಡಿ, ತಿಂಗಳು, ಕಾಡು ಎಲ್ಲವೂ ಇದೇ ಜಾತಿ.

ಒಂದೇ ತಲೆಮಾರಿಗೆ ಗೊತ್ತಿರುವ ಪದ ಬೇಡ. ‘ಒನಕೆ’ಗೆ ಮಗು ಏನು ಬರೆದೀತು, ‘ರೂಟರ್’ಗೆ ಅಜ್ಜಿ ಏನು ಬರೆದಾರು? ಹಾಗೂ ಬಂದರೆ ಗಾಬರಿ ಬೇಡ: ಯಾರಿಗಾದರೂ ಪದ ಗೊತ್ತಿಲ್ಲದಿದ್ದರೆ ಊಹಿಸುವವರು ಅದೇ ಕಾರ್ಡಿನಲ್ಲಿ ಇನ್ನೊಂದು ಸಂಖ್ಯೆ ಹೇಳಬಹುದು, ಅದು ಮೂಲ ನಿಯಮದಲ್ಲೇ ಇದೆ.

ಪ್ರತಿ ಕಾರ್ಡಿನಲ್ಲಿ ಒಂದನೆಯದು ಅಡುಗೆಮನೆ, ಎರಡನೆಯದು ಊರು ಎಂದು ಸಾಲು ಹಾಕಬೇಡಿ. ಮೂರನೇ ಸುತ್ತಿಗೇ ಜನರಿಗೆ ಗೊತ್ತಾಗಿಬಿಡುತ್ತದೆ, ಸಂಖ್ಯೆಯೇ ಸುಳಿವಾಗುತ್ತದೆ. ಒಬ್ಬರೇ ಎಲ್ಲ ಬರೆದರೆ ಅವರಿಗೆ 65 ಪದವೂ ಬಾಯಿಪಾಠ. 9 ಜನರಿಂದ ತಲಾ 8 ಪದ ಚೀಟಿಯಲ್ಲಿ ಬರೆಸಿ, ಬೆರೆಸಿ, ಕಾರ್ಡಿಗೆ ಇಳಿಸಿ. 72ರಲ್ಲಿ ಒಂದೇ ಪದ ಎರಡೆರಡು ಸಲ ಬಂದದ್ದು ಕಳೆದರೂ ಸಾಮಾನ್ಯವಾಗಿ ಸಾಕಾಗುತ್ತದೆ.

ಧಾರವಾಡದಿಂದ: ‘ಒಂದ ಪದ’ ಅನ್ನೂ ನಿಯಮ ಇಂಗ್ಲಿಷಿಗೆ ಸರಳ ಐತ್ರಿ, ಕನ್ನಡಕ್ಕ ಅಲ್ಲ. ನಮ್ಮ ಭಾಷಾದಾಗ ಒಂದ ಪದದಾಗ ಇಡೀ ವಾಕ್ಯಾನ ಕಟ್ಟಬಹುದು. ‘ಸನ್ಯಾಸಿ’ ಅಂತ ಬಂದ್ರ ಒಬ್ಬರು ‘ಮದುವೆಯಾಗದವನು’ ಅಂತ ಬರೀತಾರ, ‘ಉಪ್ಪು’ ಬಂದ್ರ ‘ರುಚಿಗೆತಕ್ಕಷ್ಟು’ ಅಂತ ಕೂಡಿಸಿ ಬರದು ‘ಒಂದ ಪದ ಅಲ್ಲೇನ್ರಿ?’ ಅಂತ ಜಗಳಕ್ಕ ಬರ್ತಾರ. ಅದಕ್ಕ ನಿಯಮ ಹಿಂಗ ಮಾಡ್ರಿ: ನಿಘಂಟಿನಾಗ ಮುಖ್ಯ ಪದ ಆಗಿ ಸಿಗೂ ರೂಪ ಅಷ್ಟ ನಡೀತದ. ಮಳೆಗಾಲ, ತೆಂಗಿನಕಾಯಿ ಆಗ್ತಾವು. ವಿಭಕ್ತಿ ಹಚ್ಚಿದ್ದು, ‘-ಬಾರದು’, ‘-ಲಾರ’ ಅಂತ ಬಾಲ ಹಚ್ಚಿದ್ದು ಬ್ಯಾಡ. ಊರು, ಮಂದಿ ಹೆಸರು ನಡೀತಾವು.

ಇನ್ನ ‘ಒಂದೇ’ ಅನ್ನೂ ಪ್ರಶ್ನೆ. ಮರ, ಮರಗಳು ಒಂದ. ಓದು, ಓದುಗ ಒಂದ. ಬರಿಯೂ ತಪ್ಪಿಗೆ ಮಾಫಿ ಇಲ್ಲ: ಒಬ್ಬರು ‘ಹಳ್ಳ’ ಇನ್ನೊಬ್ಬರು ‘ಅಳ್ಳ’ ಅಂತ ಬರದ್ರೂ ಎರಡೂ ಡಬ್ಬ ಹಾಕ್ರಿ. ಶಾಲೆ, ಸಾಲಿ, ಸ್ಕೂಲು ಮೂರೂ ಒಂದ ಅಂತ ಹಿಡೀರಿ, ಇಲ್ಲಾಂದ್ರ ಇಂಗ್ಲಿಷ್ ಬಲ್ಲವ್ರಿಗೆ ಪುಕ್ಕಟ ದಾರಿ ಸಿಗ್ತದ. ಆದ್ರ ನೀರು, ಜಲ ಬ್ಯಾರೆ ಬ್ಯಾರೆ ಪದ, ಎರಡೂ ಉಳೀತಾವು.

ಗುಟ್ಟಿನ ಪದದ ಬೇರಿನಿಂದ ಬಂದದ್ದು, ಅದರದ ಇಂಗ್ಲಿಷು, ಹೊಸದಾಗಿ ಹುಟ್ಟಿಸಿದ್ದು, ಇವು ಮೂರೂ ಸುಳಿವು ಆಗಂಗಿಲ್ಲ. ‘ಪುಸ್ತಕ’ಕ್ಕ ‘ಬುಕ್ಕು’ ಬ್ಯಾಡ. ‘ಒಬ್ಬಟ್ಟು’ ಬಂದಾಗ ‘ಹೋಳಿಗೆ’ ಬರಿಯೂದೂ ಬ್ಯಾಡ ಅಂತೀನಿ ನಾ. ಒಂದ ಸುಳಿವಿಗೆ ಆಟ ಮುಗೀತಂದ್ರ ಉಳಿದವ್ರು ಬರದದ್ದು ಯಾಕ?

ಮಂಗಳೂರಿನಿಂದ: ಮೇಲಿನವರ ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಅದೇ ಭಾಷೆಯ ಸಮಾನಾರ್ಥಕವನ್ನು ಮೂಲ ನಿಯಮ ತಡೆಯುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ‘ಒಬ್ಬಟ್ಟು’ ಕಂಡ ಕೂಡಲೇ ‘ಹೋಳಿಗೆ’ ಎಲ್ಲರ ತಲೆಗೂ ಬರುತ್ತದೆ. ಇಬ್ಬರು ಬರೆದರೆ ಎರಡೂ ಹೋದವು. ಆ ಅಪಾಯವೇ ಬೇಲಿ. ನಿಷೇಧದ ಪಟ್ಟಿ ಉದ್ದವಾದಷ್ಟೂ ವಾದ ಉದ್ದವಾಗುತ್ತದೆ.

ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವವರಿಗೆ ಮಾತ್ರ ಒಂದು ಎಚ್ಚರಿಕೆ. ಗುಟ್ಟಿನ ಪದವನ್ನೇ ಮನೆಮಾತಿನಲ್ಲಿ ಬರೆಯುವುದೂ ಅನುವಾದವೇ, ಅದು ಸಲ್ಲದು. ‘ಮೀನು’ ಎಂಬುದಕ್ಕೆ ‘ಬಂಗುಡೆ’ ಎಂದು ಬರೆದರೆ ಸರಿ, ಅದು ಒಂದು ಜಾತಿಯ ಮೀನಿನ ಹೆಸರು.

ಬೆಂಗಳೂರಿನಿಂದ: ಸುಳಿವು ಬರೆಯುವ ಬಗ್ಗೆ ಯಾರೂ ಹೇಳಲಿಲ್ಲ. ಮೊದಲ ಎರಡು ಕಾರ್ಡಿನಲ್ಲಿ ಎಲ್ಲರೂ ಮೊದಲು ಹೊಳೆದದ್ದನ್ನೇ ಬರೆದು ಎಲ್ಲ ಮಗುಚಿಕೊಳ್ಳುತ್ತದೆ. ಮೂರನೆಯದಕ್ಕೆ ಎಲ್ಲರೂ ಜಾಣರಾಗುತ್ತಾರೆ, ಅದು ಇನ್ನೂ ಕಷ್ಟ. ‘ಆನೆ’ಗೆ ‘ಸೊಂಡಿಲು’ ಯಾರಾದರೂ ಬರೆದೇ ಬರೆಯುತ್ತಾರೆ ಎಂದು ಆರೂ ಜನ ಬಿಟ್ಟು, ಕೊನೆಗೆ ಹಲಗೆ ಮೇಲೆ ಕಬ್ಬು, ಕಾಡು, ಚದುರಂಗ, ದಂತ, ದುಬಾರೆ, ಬೂದು ಉಳಿಯುತ್ತವೆ. ಅದು ಪರವಾಗಿಲ್ಲ, ದುಬಾರೆಯ ಶಿಬಿರ ಗೊತ್ತಿದ್ದವರು ದಡ ಸೇರುತ್ತಾರೆ. ಆದರೆ ‘ಗಣಪತಿ’, ‘ದಸರಾ’, ‘ದೊಡ್ಡದು’ ಅಷ್ಟೇ ಉಳಿದರೆ ಊಹೆ ಮೆರವಣಿಗೆ ಕಡೆಗೆ ಹೋಗುತ್ತದೆ.

ಬರೆಯುವವರು 3 ಜನ ಇದ್ದರೆ ಸ್ವಲ್ಪ ಸರಳವಾದ ಪದವನ್ನೇ ಬರೆಯಿರಿ, ಡಿಕ್ಕಿಯಾಗುವ ಸಂಭವ ಕಡಿಮೆ. 6 ಜನ ಇದ್ದರೆ ಮೊದಲು ಹೊಳೆದದ್ದನ್ನು ಮನೆಯ ಚಿಕ್ಕವರಿಗೆ ಬಿಡಿ. ಮಕ್ಕಳು ಅದನ್ನೇ ಬರೆಯುತ್ತಾರೆ. ದೊಡ್ಡವರು ಎರಡನೆಯದೋ ಮೂರನೆಯದೋ ಬರೆಯಲಿ, ಆದರೆ ವ್ಯಾಪ್ತಿ ಸಣ್ಣದಿರಲಿ. ‘ಬೇಂದ್ರೆ’ ಬಂದರೆ ‘ಜ್ಞಾನಪೀಠ’ ಅಂದ್ರೆ ಕನ್ನಡದಲ್ಲೇ 8 ಜನ; ‘ಸಾಧನಕೇರಿ’ ಅಂದ್ರೆ ಒಬ್ಬರೇ. ಬಾಯಿಮಾತಲ್ಲಿ ಒಪ್ಪಂದ ಮಾಡ್ಕೊಂಡು ‘ನೀನು ಊರು ಬರಿ, ನಾನು ಬಣ್ಣ’ ಅನ್ನೋದು ಮೋಸ ಅಂತಲೇ ಲೆಕ್ಕ.

ಇನ್ನು ಅಂಕ. ಸರಿ ಊಹೆಗೆ 1. ‘ಗೊತ್ತಿಲ್ಲ’ ಅಂದ್ರೆ ಆ ಕಾರ್ಡು ಮಾತ್ರ ಹೋಗುತ್ತೆ. ತಪ್ಪು ಹೇಳಿದರೆ ಆ ಕಾರ್ಡಿನ ಜೊತೆ ಮುಂದಿನ ಕಾರ್ಡೂ ಹೋಗುತ್ತೆ. ಹಾಗಾದ್ರೆ ಎಷ್ಟು ಧೈರ್ಯ ಇದ್ದರೆ ಹೇಳಬೇಕು? ನಿಮ್ಮ ಗುಂಪು ಸಾಮಾನ್ಯವಾಗಿ 10ರಲ್ಲಿ 7 ಸರಿ ಹೇಳುತ್ತೆ ಅಂತಿಟ್ಟುಕೊಳ್ಳಿ. ಹೋಗುವ ಮುಂದಿನ ಕಾರ್ಡಿನ ಬೆಲೆ ಆಗ 0.7 ಅಂಕ. ಸರಿಯಾದರೆ ಸಿಗುವ 1, ತಪ್ಪಾದರೆ ಹೋಗುವ 0.7, ಕೂಡಿದರೆ 1.7. 0.7ನ್ನು 1.7ರಿಂದ ಭಾಗಿಸಿದರೆ 0.41. ಅಂದ್ರೆ 100ಕ್ಕೆ 40ರ ಮೇಲೆ ನಂಬಿಕೆ ಇದ್ದರೆ ಹೇಳಿಬಿಡಿ, ಅರ್ಧಂಬರ್ಧ ಅನುಮಾನಕ್ಕೆ ಹೆದರಬೇಡಿ. ಕೊನೆಯ ಕಾರ್ಡಿಗೆ ಮಾತ್ರ ಲೆಕ್ಕ ಬೇರೆ: ಅಲ್ಲಿ ತಪ್ಪಾದರೆ ಗೆದ್ದ ಕಾರ್ಡೊಂದನ್ನು ವಾಪಸ್ ಕೊಡಬೇಕು, ಆದ್ದರಿಂದ ಅರ್ಧಕ್ಕಿಂತ ಹೆಚ್ಚು ನಂಬಿಕೆ ಬೇಕು.

ನ್ಯೂಜೆರ್ಸಿಯಿಂದ: ಊರಲ್ಲಿರುವವರು ಮತ್ತು ಇಲ್ಲಿನವರು ವಿಡಿಯೊ ಕರೆಯಲ್ಲಿ ಸೇರುವುದಾದರೆ ಕಾರ್ಡಿನ ಕಟ್ಟು ಒಂದೇ ಕಡೆ ಇರಲಿ. ಊಹಿಸುವವರು ಬೆನ್ನು ತಿರುಗಿಸಲಿ, ಪದವನ್ನು ದೊಡ್ಡ ಹಾಳೆಯಲ್ಲಿ ಕ್ಯಾಮೆರಾಗೆ ಹಿಡಿಯಿರಿ. ನಿಮ್ಮ ಪರದೆಯಲ್ಲಿ ಅಕ್ಷರ ಉಲ್ಟಾ ಕಂಡರೂ ಸಾಮಾನ್ಯವಾಗಿ ಎದುರಿನವರಿಗೆ ನೆಟ್ಟಗೇ ಕಾಣುತ್ತದೆ, ತಿದ್ದಲು ಹೋಗಬೇಡಿ. ಹೋಲಿಸುವಾಗ ಹಲಗೆಗಳನ್ನು ಒಟ್ಟಿಗೆ, ‘ಒಂದು, ಎರಡು, ಮೂರು’ ಹೇಳಿ ಎತ್ತಿ. ತಡವಾಗಿ ಎತ್ತುವವರು ನೋಡಿ ಬದಲಿಸುತ್ತಾರೆ.

ಕೇಳಿದವರು: ತುಂಬಾ ಉಪಕಾರ ಆಯಿತು. ಇನ್ನೆರಡು. ಹಲಗೆಯ ಮೇಲಿನ ಅಕ್ಷರ ಅಜ್ಜಿಗೆ ಕಾಣುತ್ತದೆಯೇ? ಎಲ್ಲ ಮಲಗಿದ ಮೇಲೆ ಇಬ್ಬರೇ ಉಳಿದರೆ ಆಡಲು ಆಗುತ್ತದೆಯೇ?

ಮೈಸೂರಿನಿಂದ: ಇಬ್ಬರಿಗೆ ಈ ಆಟ ಇಲ್ಲ. ಮೂವರಿದ್ದರೆ ಬರೆಯುವ ಇಬ್ಬರೂ ತಲಾ ಎರಡು ಸುಳಿವು ಬರೆಯಬೇಕು, ಒಟ್ಟು ನಾಲ್ಕು. ಇಬ್ಬರಿಗಾದರೆ ‘ಕೋಡ್‌ನೇಮ್ಸ್ ಡ್ಯುಯೆಟ್’ ನೋಡಿ, ಅದೂ ಕೂಡಿ ಆಡುವುದೇ. 25 ಪದಗಳನ್ನು ಐದೈದರಂತೆ ಹರಡಿ, ಒಂದು ಪದ ಮತ್ತು ಒಂದು ಸಂಖ್ಯೆಯ ಸುಳಿವಿನಿಂದ 9 ಸರದಿಯೊಳಗೆ 15 ಪದ ಹುಡುಕಬೇಕು. ನೀವು ಮಾಡಿದ ಕನ್ನಡ ಪದಗಳನ್ನು ತಲಾ ಒಂದರಂತೆ ಕತ್ತರಿಸಿ ಹರಡಿದರೆ ಅಲ್ಲಿಗೂ ಒದಗುತ್ತವೆ. ಎಲ್ಲಿ ಯಾವುದು ಎಂದು ತೋರಿಸುವ ಕೀ ಕಾರ್ಡು ಮಾತ್ರ ಅದರ ಪೆಟ್ಟಿಗೆಯದೇ ಬೇಕು.

ಶಿವಮೊಗ್ಗದಿಂದ: ಪೆಟ್ಟಿಗೆಯ ಹಲಗೆ ಚಿಕ್ಕದು. ಕನ್ನಡಕ್ಕೆ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು–ದೀರ್ಘ ಬರುವುದರಿಂದ ಅಕ್ಷರ ಬಿಡಿಸಿ ಬರೆಯದಿದ್ದರೆ ‘ಪ’ ‘ಷ’ ಒಂದೇ ಥರ ಕಾಣುತ್ತದೆ. ಅಜ್ಜಿಗಾಗಿ ಎ4 ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ತೂರಿಸಿ ಅದರ ಮೇಲೆ ವೈಟ್‌ಬೋರ್ಡ್ ಮಾರ್ಕರಿನಿಂದ ಬರೆಯಿರಿ, ಒಣ ಹತ್ತಿಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಸ್ಲೇಟು–ಬಳಪ ಕೈಗೆ ಹಿತ, ಆದರೆ ಗೆರೆ ಸಣ್ಣ, ಎದುರು ಕೂತವರಿಗೆ ಕಾಣದು. ಸ್ಲೇಟೇ ಬೇಕೆಂದರೆ ಚಾಕ್‌ಪೀಸ್ ಇಡಿ. ಬರೆದದ್ದನ್ನು ರಾತ್ರಿಯಿಡೀ ಹಲಗೆಯ ಮೇಲೆ ಬಿಟ್ಟರೆ ಕಲೆ ಕೂರುತ್ತದೆ. ಮಕ್ಕಳು ಪರ್ಮನೆಂಟ್ ಮಾರ್ಕರಿನಲ್ಲಿ ಬರೆದುಬಿಟ್ಟರೆ ಅದರ ಮೇಲೆಯೇ ವೈಟ್‌ಬೋರ್ಡ್ ಮಾರ್ಕರ್ ತಿದ್ದಿ, ಹಸಿ ಇರುವಾಗಲೇ ಒರೆಸಿ.