ನೈಟ್ರೇಟನ್ನು ‘ಶೋಧಿಸುವುದೇ’, ‘ತಗ್ಗಿಸುವುದೇ’? ಉಪ್ಪುನೀರಿನ ಅಕ್ವೇರಿಯಂ ಕೈಪಿಡಿಗೆ ಬೇಕಾದ ಕ್ರಿಯಾಪದಗಳು

ಮಾನ್ಯರೇ,

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡವರಿಗಾಗಿ, ಮೀನಿನ ವಿಸರ್ಜನೆ ಮೊದಲಾದವುಗಳಿಂದ ನೀರಿನಲ್ಲಿ ಸೇರುತ್ತ ಹೋಗುವ ನೈಟ್ರೇಟನ್ನು ಹತೋಟಿಯಲ್ಲಿಡುವ ಬಗೆಯನ್ನು ಕುರಿತು ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧಪಡಿಸುತ್ತಿದ್ದೇನೆ. ಫಿಲ್ಟರ್, ಸ್ಕಿಮ್ಮರ್, ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ ಎಷ್ಟು ಭಾಗ ಎಂಬ ಅಳತೆ) ಮೊದಲಾದ ಮಾತುಗಳನ್ನು ಈ ಹವ್ಯಾಸದವರೆಲ್ಲ ಹಾಗೆಯೇ ಆಡುವುದರಿಂದ ನಾನೂ ಹಾಗೆಯೇ ಉಳಿಸಿಕೊಂಡಿದ್ದೇನೆ. ನನಗೆ ಬಳಗದ ಅಭಿಪ್ರಾಯ ಬೇಕಾಗಿರುವುದು ಮುಖ್ಯವಾಗಿ ಕ್ರಿಯಾಪದಗಳ ವಿಷಯದಲ್ಲಿ. ನೈಟ್ರೇಟನ್ನು ‘ಶೋಧಿಸುವುದು’, ‘ತೆಗೆಯುವುದು’, ‘ನಿಯಂತ್ರಿಸುವುದು’ ಎಂದು ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದುಬಿಡುವುದು ಸುಲಭ. ಆದರೆ ಓದುಗರು ಆ ಪದವನ್ನು ನಂಬಿ ತೊಟ್ಟಿಗೆ ಕೈ ಹಾಕುತ್ತಾರಾದ್ದರಿಂದ, ನಮ್ಮ ಅಸಡ್ಡೆಯ ಫಲವನ್ನು ಮೀನು ಮತ್ತು ಹವಳಗಳು ಅನುಭವಿಸಬೇಕಾಗುತ್ತದೆ.

ಮೊದಲು ‘ಶೋಧಿಸು’ ಎಂಬುದನ್ನು ನೋಡೋಣ. ಹಿಟ್ಟನ್ನು ಶೋಧಿಸುತ್ತೇವೆ, ನೀರನ್ನು ಬಟ್ಟೆ ಕಟ್ಟಿ ಶೋಧಿಸುತ್ತೇವೆ ಅಥವಾ ಸೋಸುತ್ತೇವೆ. ಬೇಡವಾದದ್ದು ಜರಡಿಯಲ್ಲೋ ಬಟ್ಟೆಯಲ್ಲೋ ಉಳಿದುಕೊಳ್ಳುತ್ತದೆ ಎಂಬ ಅರ್ಥವೇ ಕೇಳುವವರ ಮನಸ್ಸಿಗೆ ಮೊದಲು ಬರುತ್ತದೆ. ನೈಟ್ರೇಟ್ ನೀರಿನಲ್ಲಿ ಪೂರ್ತಿ ಕರಗಿರುವ ವಸ್ತು. ಕರಗಿದ ಉಪ್ಪು ಬಟ್ಟೆಯಲ್ಲಿ ನಿಲ್ಲದಂತೆ ಅದೂ ಯಾವ ಸ್ಪಂಜಿನಲ್ಲೂ ನಿಲ್ಲುವುದಿಲ್ಲ. ಮೀನಿನ ವಿಸರ್ಜನೆಯಿಂದಲೂ ತಿನ್ನದೆ ಉಳಿದ ಆಹಾರದ ಕೊಳೆಯುವಿಕೆಯಿಂದಲೂ ಬರುವ ಅಮೋನಿಯಾವನ್ನು ಒಂದು ಗುಂಪಿನ ಸೂಕ್ಷ್ಮಜೀವಿಗಳು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದನ್ನು ನೈಟ್ರೋಸ್ಪೈರಾದಂಥ ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ಜೀವಿಗಳಿಗೆ ಧಾರಾಳವಾದ ಆಮ್ಲಜನಕವೂ ಅಂಟಿಕೊಳ್ಳುವುದಕ್ಕೆ ವಿಶಾಲವಾದ ಮೇಲ್ಮೈಯೂ ಬೇಕು, ಅವೆರಡೂ ಫಿಲ್ಟರಿನಲ್ಲಿ ದೊರೆಯುತ್ತವೆ. ಅಂದರೆ ಫಿಲ್ಟರ್ ನೈಟ್ರೇಟ್ ಹುಟ್ಟುವ ಜಾಗ. ‘ಫಿಲ್ಟರ್ ನೈಟ್ರೇಟನ್ನು ಶೋಧಿಸುತ್ತದೆ’ ಎಂಬ ವಾಕ್ಯ ನಡೆಯುತ್ತಿರುವುದನ್ನು ತಲೆಕೆಳಗು ಮಾಡುತ್ತದೆ; ಅದನ್ನು ಓದಿದವರು ಇನ್ನೂ ದೊಡ್ಡ ಫಿಲ್ಟರ್ ಹಾಕಿದರೆ ನೈಟ್ರೇಟ್ ಇಳಿದೀತೆಂದು ಕಾಯುತ್ತಾರೆ. ಸ್ಪಂಜು ಕಸವನ್ನು ‘ಸೋಸುತ್ತದೆ’, ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ‘ಮಾರ್ಪಡಿಸುತ್ತವೆ’ ಎಂದು ಎರಡು ಕ್ರಿಯೆಗಳನ್ನು ಬಿಡಿಸಿ ಹೇಳುವುದು ಸರಿಯೆಂದು ನನಗೆ ತೋರುತ್ತದೆ. ಸ್ಕಿಮ್ಮರಿಗೂ ಇದೇ ಎಚ್ಚರ ಬೇಕು. ಅದು ಪ್ರೋಟೀನಿನಂಥ ಸಾವಯವ ಪದಾರ್ಥಗಳನ್ನು ಸಣ್ಣ ಗುಳ್ಳೆಗಳಿಗೆ ಅಂಟಿಸಿಕೊಂಡು ನೊರೆಯೊಡನೆ ಹೊರಹಾಕುತ್ತದೆ, ನೈಟ್ರೇಟ್ ಗುಳ್ಳೆಗೆ ಅಂಟುವುದಿಲ್ಲ. ಹಾಗಾಗಿ ಸ್ಕಿಮ್ಮರ್ ನೈಟ್ರೇಟನ್ನು ತೆಗೆಯುತ್ತದೆ ಎನ್ನುವುದಕ್ಕಿಂತ, ಮುಂದೆ ನೈಟ್ರೇಟ್ ಆಗಬಹುದಾದದ್ದನ್ನು ಮೊದಲೇ ತೆಗೆಯುತ್ತದೆ ಎನ್ನಬೇಕು.

ಎರಡನೆಯದು ‘ನೀರು ಹಾಕು’ ಎಂಬ ಅತಿ ಸಾಮಾನ್ಯವಾದ ಮಾತು. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿದೆ, ಏಕೆಂದರೆ ಉಪ್ಪುನೀರಿನ ತೊಟ್ಟಿಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿಗೆ ಈ ಒಂದೇ ಮಾತು ಸಲ್ಲುತ್ತಿದೆ. ನೀರು ಆವಿಯಾಗಿ ಮಟ್ಟ ಇಳಿದಾಗ ಉಪ್ಪೂ ನೈಟ್ರೇಟೂ ತೊಟ್ಟಿಯಲ್ಲೇ ಉಳಿದಿರುತ್ತವೆ. ಆಗ ಉಪ್ಪಿಲ್ಲದ ಶುದ್ಧ ನೀರನ್ನು ಮಟ್ಟಕ್ಕೆ ತುಂಬಿಸಬೇಕು, ಅದರಿಂದ ತೊಟ್ಟಿಯಲ್ಲಿರುವ ಒಟ್ಟು ನೈಟ್ರೇಟ್ ಒಂದಿಷ್ಟೂ ತಗ್ಗುವುದಿಲ್ಲ. ನೈಟ್ರೇಟ್ ತಗ್ಗಬೇಕಾದರೆ ಹಳೆಯ ನೀರನ್ನು ಹೊರತೆಗೆದು, ಅಷ್ಟೇ ಪ್ರಮಾಣದ, ಅಷ್ಟೇ ಲವಣಾಂಶವಿರುವ ಹೊಸ ಉಪ್ಪುನೀರನ್ನು ಹಾಕಬೇಕು. ಒಂದಕ್ಕೆ ‘ಮಟ್ಟ ತುಂಬಿಸುವುದು’, ಇನ್ನೊಂದಕ್ಕೆ ‘ನೀರು ಬದಲಿಸುವುದು’ ಎಂದು ಗೊತ್ತುಮಾಡಿ, ಕೈಪಿಡಿಯುದ್ದಕ್ಕೂ ‘ನೀರು ಹಾಕು’ ಎಂಬುದನ್ನು ಬಿಟ್ಟುಬಿಡುವುದು ನನ್ನ ಸಲಹೆ. ಶಾಲೆಯ ರಸಾಯನಶಾಸ್ತ್ರದ ‘ಸಾರರಿಕ್ತ’ (ನೀರು ಬೆರೆತು ತೆಳುವಾದ), ‘ಸಾರಗುಂದಿಸು’ (ಹಾಗೆ ತೆಳುವಾಗಿಸು) ಎಂಬ ಪದಗಳನ್ನು ಇಲ್ಲಿಗೆ ತರಬಹುದೇ ಎಂದೂ ಯೋಚಿಸಿದ್ದುಂಟು. ಆದರೆ ‘ತೊಟ್ಟಿಯ ನೀರನ್ನು ಸಾರಗುಂದಿಸಿ’ ಎಂದು ಬರೆದರೆ ಓದುಗರು ಸಿಹಿನೀರು ಸುರಿದು, ಸುಮಾರು 1.026 ಇರಬೇಕಾದ ಸಾಪೇಕ್ಷ ಸಾಂದ್ರತೆಯನ್ನೇ ಇಳಿಸಿಬಿಟ್ಟಾರು. ಹವಳಗಳಿಗೆ ಅದು ನೈಟ್ರೇಟಿಗಿಂತ ಬೇಗ ಅಪಾಯ ತರುತ್ತದೆ.

‘ಬದಲಿಸು’ ಎಂದರೂ ಒಂದು ತೊಡಕು ಉಳಿಯುತ್ತದೆ. 20 ಶೇಕಡಾ ನೀರನ್ನು ಬದಲಿಸಿದರೆ 40 ಪಿಪಿಎಂ ಇದ್ದದ್ದು 32ಕ್ಕೆ ಇಳಿಯುತ್ತದೆ, ಇನ್ನೊಮ್ಮೆ ಅಷ್ಟೇ ಬದಲಿಸಿದರೆ 25.6ಕ್ಕೆ, ಐದು ಸಲ ಬದಲಿಸಿದೆವೆಂದು ಸೊನ್ನೆಯಾಗುವುದಿಲ್ಲ. ವಾರಕ್ಕೆ 5 ಪಿಪಿಎಂ ಹೊಸದಾಗಿ ಹುಟ್ಟುತ್ತಿರುವ ತೊಟ್ಟಿಯಲ್ಲಿ ಪ್ರತಿ ವಾರ 20 ಶೇಕಡಾ ಬದಲಿಸುತ್ತ ಹೋದರೆ, ಅಳತೆ ಕೊನೆಗೆ 20 ಮತ್ತು 25ರ ನಡುವೆ ಏರಿಳಿಯುತ್ತ ನಿಲ್ಲುತ್ತದೆ. ಇದನ್ನು ಹೇಳುವಾಗ ‘ತೆಗೆ’, ‘ಹೋಗಲಾಡಿಸು’ ಎರಡೂ ಸುಳ್ಳಾಗುತ್ತವೆ, ‘ತಗ್ಗಿಸು’ ಮಾತ್ರ ನಿಜವಾಗುತ್ತದೆ. ಹೊಸ ನೀರಿನಲ್ಲೇ ಅಷ್ಟು ನೈಟ್ರೇಟ್ ಇದ್ದರೆ ಅದೂ ನಿಜವಾಗದು, ಅದಕ್ಕಾಗಿಯೇ ಆರ್‌ಒ ನೀರಿನಲ್ಲಿ ಉಪ್ಪು ಬೆರೆಸುವ ಪದ್ಧತಿಯಿದೆ.

‘ನಿಯಂತ್ರಣ’ ಎಂಬ ಪದಕ್ಕೆ ನಮ್ಮ ಬಳಕೆಯಲ್ಲಿ ಎರಡು ಮುಖಗಳಿವೆ. ‘ಸೊಳ್ಳೆ ನಿಯಂತ್ರಣ’ ಎಂದಾಗ ಸೊಳ್ಳೆ ಇಲ್ಲದಂತೆ ಮಾಡುವುದೆಂದೇ ತಿಳಿಯುತ್ತೇವೆ. ‘ರಕ್ತದೊತ್ತಡ ನಿಯಂತ್ರಣ’ ಎಂದಾಗ ಒತ್ತಡವನ್ನು ಒಂದು ಮಿತಿಯೊಳಗೆ ಇಡುವುದೆಂದು ತಿಳಿಯುತ್ತೇವೆ. ‘ನೈಟ್ರೇಟ್ ನಿಯಂತ್ರಣ’ವನ್ನು ಸೊಳ್ಳೆಯ ಸಾಲಿಗೆ ಸೇರಿಸಿ ಓದುವವರೇ ಹೆಚ್ಚು ಎಂಬುದು ನನ್ನ ಅನಿಸಿಕೆ, ನೈಟ್ರೇಟ್ ಎಂದರೆ ವಿಷವೆಂಬ ಭಾವನೆ ಮೊದಲೇ ಬೇರೂರಿರುವುದು ಇದಕ್ಕೆ ಕಾರಣ. ವಾಸ್ತವವಾಗಿ ಹವಳದ ಅಂಗಾಂಶದೊಳಗೆ ಬದುಕುವ ಪಾಚಿಗಳಿಗೆ ಸಾರಜನಕವೂ ರಂಜಕವೂ ಬೇಕು. ತೊಟ್ಟಿಯಲ್ಲಿ ಇವೆರಡನ್ನೂ ಸೊನ್ನೆಗೆ ಇಳಿಸಿದಾಗ ಹವಳಗಳು ಬಿಳಚಿಕೊಳ್ಳುವುದೂ, ಡೈನೋಫ್ಲಾಜೆಲೇಟುಗಳೆಂಬ ಏಕಕೋಶ ಜೀವಿಗಳು ಕಂದು ಲೋಳೆಯಂತೆ ಮರಳನ್ನೂ ಕಲ್ಲನ್ನೂ ಆವರಿಸುವುದೂ ಈ ಹವ್ಯಾಸದವರು ಬಲ್ಲ ಸಂಗತಿ. ಮೀನು ಮಾತ್ರ ಇರುವ ತೊಟ್ಟಿಗೆ 20–40 ಪಿಪಿಎಂವರೆಗೂ ನಡೆಯುತ್ತದೆ, ಹವಳಗಳಿರುವಲ್ಲಿ ಸಾಮಾನ್ಯವಾಗಿ 2ರಿಂದ 10ರೊಳಗೆ ಇಡಲು ನೋಡುತ್ತಾರೆ. ಆದ್ದರಿಂದ ಶೀರ್ಷಿಕೆಯಲ್ಲೂ ಒಳಗೂ ‘ಹತೋಟಿ’ ಎಂಬ ಪದವನ್ನೇ ಬಳಸಬೇಕೆಂದಿದ್ದೇನೆ. ಹತೋಟಿಯಲ್ಲಿರುವುದು ಇಲ್ಲವಾಗಿಲ್ಲ, ಹೇಳಿದ ಮಿತಿಯಲ್ಲಿದೆ ಎಂಬ ಧ್ವನಿ ಆ ಪದಕ್ಕೆ ತಾನಾಗಿಯೇ ಇದೆ.

ನೈಟ್ರೇಟ್ ನಿಜವಾಗಿ ಇಲ್ಲವಾಗುವ ಒಂದು ಹಾದಿಯೂ ಇದೆ, ಅಲ್ಲಿ ಪದಗಳ ತೊಡಕು ಇನ್ನೂ ಬಿಗಿಯಾಗುತ್ತದೆ. ಕಲ್ಲಿನ ರಂಧ್ರಗಳ ಆಳದಲ್ಲಿ, ದಪ್ಪ ಮರಳಿನ ಕೆಳಪದರದಲ್ಲಿ ಆಮ್ಲಜನಕ ಸಿಗದ ಕಡೆ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟಿನಿಂದ ಆಮ್ಲಜನಕವನ್ನು ಕಿತ್ತುಕೊಂಡು, ಉಳಿದ ಸಾರಜನಕವನ್ನು ಅನಿಲವಾಗಿ ಬಿಟ್ಟುಬಿಡುತ್ತವೆ. ಇದನ್ನು ‘ಬ್ಯಾಕ್ಟೀರಿಯಾ ನೈಟ್ರೇಟನ್ನು ತಿನ್ನುತ್ತವೆ’ ಎಂದು ಬರೆದರೆ ಓದಲು ಸರಾಗ, ಆದರೆ ಅರ್ಥ ಕೆಡುತ್ತದೆ. ಅವು ತಿನ್ನುವುದು ಸಾವಯವ ಇಂಗಾಲವನ್ನು. ನೈಟ್ರೇಟನ್ನು ಉಸಿರಾಟಕ್ಕೆ ಬಳಸುತ್ತವೆ. ಇದಕ್ಕೆ ‘ವಿನೈಟ್ರೀಕರಣ’ ಎಂಬ ಪದವನ್ನು ಒಮ್ಮೆ ಕೊಟ್ಟು, ಮುಂದೆಲ್ಲ ‘ನೈಟ್ರೇಟನ್ನು ಉಸಿರಾಡುವ ಬ್ಯಾಕ್ಟೀರಿಯಾ’ ಎಂದೇ ಬರೆದರೆ ಹೇಗೆ? ತೆರೆದ ನೀರಿನಲ್ಲಿ ನಡೆಯುವುದು ಬೇರೆ. ವಿನೆಗರ್ ಅಥವಾ ವೋಡ್ಕಾವನ್ನು ಹನಿಹನಿಯಾಗಿ ಹಾಕಿದಾಗ ಅದರ ಇಂಗಾಲವನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾಗಳು ನೈಟ್ರೇಟನ್ನೂ ರಂಜಕವನ್ನೂ ತಮ್ಮ ಮೈಗೆ ಸೇರಿಸಿಕೊಳ್ಳುತ್ತವೆ, ಸ್ಕಿಮ್ಮರ್ ಅವುಗಳಲ್ಲಿ ಒಂದು ಪಾಲನ್ನು ಹೊರಗೆಳೆಯುತ್ತದೆ. ಕೀಟೋಮಾರ್ಫಾದಂಥ ಪಾಚಿ ಬೆಳೆಸಿ ಕತ್ತರಿಸಿ ಎಸೆಯುವುದರ ಹಿಂದೆಯೂ ಇದೇ ತತ್ವವಿದೆ. ಇಲ್ಲಿ ‘ಹೀರಿಕೊಳ್ಳು’ ಎಂಬ ಕ್ರಿಯಾಪದ ಚೆನ್ನಾಗಿ ಹೊಂದುತ್ತದೆ.

ಆದರೆ ‘ಇಂಗಾಲ ಹಾಕುವುದು’ ಎಂಬ ಮಾತು ಹೊಂದುವುದಿಲ್ಲ. ಇಂಗಾಲವೆಂದೊಡನೆ ನಮಗೆ ಇದ್ದಿಲು ನೆನಪಾಗುತ್ತದೆ. ಅಕ್ವೇರಿಯಂನಲ್ಲಂತೂ ನೀರಿನ ಹಳದಿ ಛಾಯೆ ತೆಗೆಯಲು ಸಕ್ರಿಯ ಇಂಗಾಲದ ಹರಳುಗಳನ್ನು ನಿಜವಾಗಿಯೇ ಹಾಕುತ್ತಾರೆ, ಅದು ನೈಟ್ರೇಟಿಗೆ ಏನೂ ಮಾಡುವುದಿಲ್ಲ. ವಿನೆಗರ್ ಕ್ರಮಕ್ಕೆ ‘ಇಂಗಾಲದ ಉಣಿಸು’ ಎಂದು ಬಳಸಲು ಆಲೋಚಿಸಿದ್ದೇನೆ. ಉಣಿಸುವುದು ಬ್ಯಾಕ್ಟೀರಿಯಾಗಳಿಗೆ ಎಂಬುದು ಅದರಲ್ಲಿ ತಿಳಿಯುತ್ತದೆ, ಪ್ರಮಾಣ ಮೀರಿದರೆ ಅವು ಮಿತಿಮೀರಿ ಬೆಳೆದು ನೀರನ್ನು ಬೆಳ್ಳಗೆ ಕದಡಿಸಿ ಮೀನಿನ ಪಾಲಿನ ಆಮ್ಲಜನಕವನ್ನೂ ಬಳಸಿಬಿಡುತ್ತವೆ ಎಂಬ ಎಚ್ಚರಿಕೆಯನ್ನು ಹೇಳುವುದಕ್ಕೂ ಅನುಕೂಲವಾಗುತ್ತದೆ.

ಇನ್ನುಳಿದದ್ದು ಬರವಣಿಗೆಯ ವಿಷಯ. ‘ನೈಟ್ರೇಟ್’, ‘ನೈಟ್ರೈಟ್’ ಪದಗಳನ್ನು ಕನ್ನಡ ಅಕ್ಷರಗಳಲ್ಲಿ ಹತ್ತಿರದಿಂದ ನೋಡಿ: ‘ಟ್ರೇ’ಗೆ ಪಕ್ಕದಲ್ಲಿ ದೀರ್ಘದ ಗುರುತು, ‘ಟ್ರೈ’ಗೆ ಕೆಳಗೆ, ಅದೂ ರಕಾರದ ಒತ್ತಿನ ಜೊತೆಯಲ್ಲೇ. ಸಣ್ಣ ಅಚ್ಚಿನಲ್ಲಿ ಒಂದು ಇನ್ನೊಂದಾಗಿ ಓದಿಸಿಕೊಳ್ಳುವುದು ತೀರ ಸಹಜ. ಬಹುತೇಕ ಪರೀಕ್ಷಾ ಕಿಟ್‌ಗಳು ನೈಟ್ರೇಟನ್ನು ಮೊದಲು ನೈಟ್ರೈಟ್ ಆಗಿ ಇಳಿಸಿ ಆಮೇಲೆ ಬಣ್ಣ ತೋರಿಸುವುದರಿಂದ, ನೀರಿನಲ್ಲಿ ಮೊದಲೇ ನೈಟ್ರೈಟ್ ಇದ್ದರೆ ನೈಟ್ರೇಟ್ ಅಳತೆ ಸುಳ್ಳಾಗಿ ಏರುತ್ತದೆ. ಇದನ್ನು ವಿವರಿಸುವ ಪುಟದಲ್ಲಿ ಎರಡು ಪದಗಳೂ ಮತ್ತೆ ಮತ್ತೆ ಬರಲೇಬೇಕು. ಅಲ್ಲಿ ‘ನಡುವಣ ನೈಟ್ರೈಟ್’, ‘ಕೊನೆಯ ನೈಟ್ರೇಟ್’ ಎಂದು ವಿಶೇಷಣ ಸೇರಿಸಿ ಬರೆಯುತ್ತಿದ್ದೇನೆ. ಇದಕ್ಕಿಂತ ಒಳ್ಳೆಯ ಉಪಾಯವಿದ್ದರೆ ದಯವಿಟ್ಟು ತಿಳಿಸಿ.

ಅಳತೆಯ ವಿಷಯದಲ್ಲಿಯೂ ಒಂದು ತೀರ್ಮಾನ ಬೇಕಾಗಿದೆ. ಕೆಲವು ಕಿಟ್‌ಗಳು ನೈಟ್ರೇಟನ್ನು ಇಡಿಯಾಗಿ ತೂಗಿ ಹೇಳುತ್ತವೆ, ಕೆಲವು ಅದರಲ್ಲಿರುವ ಸಾರಜನಕದ ತೂಕವನ್ನು ಮಾತ್ರ ಹೇಳುತ್ತವೆ, ಎರಡನೆಯದನ್ನು 4.43ರಿಂದ ಗುಣಿಸಿದರೆ ಮೊದಲನೆಯದು ಬರುತ್ತದೆ. ಒಂದು ಕಿಟ್‌ನ 10 ಇನ್ನೊಂದರ 44 ಎಂದು ತಿಳಿಯದೆ ಎಷ್ಟೋ ಮಂದಿ ನೆಮ್ಮದಿಯಾಗಿದ್ದಾರು, ಇಲ್ಲವೇ ವಿನಾಕಾರಣ ಹೆದರಿಯಾರು. ‘ನೈಟ್ರೇಟ್ ಸಾರಜನಕ’ ಎಂದು ಸಮಾಸ ಮಾಡಿದರೆ ನಮ್ಮ ಓದುಗರು ಅದನ್ನು ದ್ವಂದ್ವವಾಗಿ, ಅಂದರೆ ನೈಟ್ರೇಟೂ ಸಾರಜನಕವೂ ಸೇರಿದ ಮೊತ್ತವೆಂದು, ಓದುವ ಸಂಭವವಿದೆ. ‘ನೈಟ್ರೇಟಿನಲ್ಲಿರುವ ಸಾರಜನಕ’ ಎಂದರೆ ಸಂಶಯಕ್ಕೆ ಎಡೆಯಿಲ್ಲ, ಆದರೆ ಅಳತೆ ಬರೆದಿಡುವ ಪಟ್ಟಿಯ ಕಿರಿದಾದ ಅಂಕಣಕ್ಕೆ ಅದು ತಲೆಬರಹವಾಗಿ ಹಿಡಿಸುವುದಿಲ್ಲ. ವಿಭಕ್ತಿಯ ಸಂಬಂಧವನ್ನು ಬಿಟ್ಟುಕೊಡದೆ, ಎರಡು ಚಿಕ್ಕ ಪದಗಳಲ್ಲಿ ಇದನ್ನು ಹೇಳುವ ದಾರಿ ಬಲ್ಲವರು ಸೂಚಿಸಬೇಕೆಂದು ಕೋರುತ್ತೇನೆ.